ತೊಡಕಿನ ದಿನದ ಅಡ್ಡೆ

“ಅಡ್ಡೇಲಿ ಬಿದ್ದಿರೋನಿಗೆ ಹೆಂಡ್ತಿ ಯಾಕ್ಲಾ? ಇಸ್ಪೀಟ್ ರಾಣಿ ಇದಾಳಲ್ಲ, ಅವಳ ಜೊತೆ ಸಂಸಾರ ಮಾಡೋಗು!”

ವರ್ಷದ ತೊಡಕಿನ ಬೆಳಿಗ್ಗೆ, ಆವನಿ ಹಳ್ಳಿಯಲ್ಲಿ ಮಾಂಸ ಪಾಲು ಹಾಕಿ ಗುಡ್ಡೆ ಬಾಡು ಹಂಚುವ ಜಾಗದಲ್ಲಿ, ಅರ್ಧ ಊರಿನ ಮುಂದೆ ಮಾವ ದೊಡ್ಡನಾರಾಯಣಪ್ಪ ಹೀಗಂದ. ಅಳಿಯ ಆಂಜಿನಪ್ಪನ ಮುಖ ಎಲೆಯ ಮೇಲಿಟ್ಟ ಕುರಿ ಈಲಿಯ ತುಂಡಿನಂತೆ ಕಪ್ಪಿಟ್ಟಿತು.

ಬೇರೆ ದಿನವಾಗಿದ್ದರೆ ಕೊಡವಿಕೊಂಡು ಹೋಗಬಹುದಿತ್ತು. ಯುಗಾದಿಯ ಮಾರನೆಯ ದಿನ ಬಿದ್ದ ಮಾತು ವರ್ಷವಿಡೀ ಬೆನ್ನು ಬಿಡುವುದಿಲ್ಲ. ಅಂದು ಉಂಡವನು ವರ್ಷವೆಲ್ಲ ಉಣ್ಣುತ್ತಾನೆ, ಅತ್ತವನು ವರ್ಷವೆಲ್ಲ ಅಳುತ್ತಾನೆ.

ಆಂಜಿನಪ್ಪ ಮುಳಬಾಗಿಲಿನಲ್ಲಿ ಜಟಕಾ ಹೊಡೆಯುವವನು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡುವ ಬಸ್ಸು ಕೆಮ್ಮಿ ನಿಂತಾಗಲೆಲ್ಲ ಅವನಿಗೆ ಬಾಡಿಗೆ. ಜಟಕಾ ನಿಲ್ಲಿಸುವ ಜಾಗಕ್ಕೂ ಅಡ್ಡೆ ಅನ್ನುತ್ತಾರೆ, ಜೂಜಾಡುವ ಜಾಗಕ್ಕೂ ಅಡ್ಡೆ ಅನ್ನುತ್ತಾರೆ. ಮಾವನಿಗೆ ಅಷ್ಟು ಸಾಕಾಗಿತ್ತು. ಬಾಣಂತನಕ್ಕೆ ಬಂದ ಮಗಳು ಮುನಿಯಲ್ಲಮ್ಮನನ್ನು ಕಳಿಸಿರಲಿಲ್ಲ. ಕೂಸು ಆಗಲೇ ಅಂಬೆಗಾಲಿಡುತ್ತಿತ್ತು. ಅಪ್ಪ ಅದನ್ನು ಇನ್ನೂ ಎತ್ತಿಕೊಂಡಿರಲಿಲ್ಲ.

“ಮಾವ, ನಾನು ಯಾವತ್ತೂ ಇಸ್ಪೀಟ್ ಎಲೆ ಮುಟ್ಟಿದೋನಲ್ಲ.”

“ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡ್ದೆ ಅಂತೀಯಾ?”

ಬಾಡಿನ ಪಾಲು ಹಿಡಿದು ನಿಂತಿದ್ದ ಊರ ಹಿರಿಯ ನರಸಿಂಹಪ್ಪ ನಡುವೆ ಬಂದ. “ಇವತ್ತಿನ ದಿನ ಅನುಮಾನ ಉಳಿಸ್ಕೋಬಾರ್ದು ಕಣಪ್ಪಾ. ಹೋಗಿ ಇವನ ಅಡ್ಡೆ ನೋಡೇ ಬಿಡೋಣ.” ಅವನಿಗೆ ಬೇಕಿದ್ದದ್ದು ಪೇಟೆಗೆ ಬಿಟ್ಟಿ ಸವಾರಿ.

“ಎಲೆ ಆಡೋರು ಕಾಣಲಿಲ್ಲ ಅಂದ್ರೆ ಮಗಳನ್ನ ಅಲ್ಲೇ ಒಪ್ಪಿಸ್ತೀನಿ,” ಎಂದ ಮಾವ.

ಮುನಿಯಲ್ಲಮ್ಮ ಮಡಿಲಕ್ಕಿ ಕಟ್ಟಿಸಿಕೊಂಡು, ಕೂಸನ್ನು ಎತ್ತಿಕೊಂಡು ಗಂಡನ ಗಾಡಿ ಹತ್ತಿದಳು. ಸಾಕ್ಷಿ ಹೇಳಲು ಬೀದಿಯವರೂ ಹತ್ತಿದರು. ಕುದುರೆ ಹಿಂತಿರುಗಿ ನೋಡಿತು. ವರ್ಷವಿಡೀ ಇದೇ ಭಾರವೇ ಎಂದು ಕೇಳಿದಂತಿತ್ತು. ಕೂರಲು ಜಾಗವಿಲ್ಲದೆ ಆಂಜಿನಪ್ಪ ಪಕ್ಕದಲ್ಲೇ ನಡೆದ. ಕೂಸು ಬಗ್ಗಿ ಅವನ ರುಮಾಲಿನ ಚುಂಗು ಹಿಡಿದುಕೊಂಡಿತು. ಮುಳಬಾಗಿಲಿನವರೆಗೂ ಅವನು ಕತ್ತು ಅಲ್ಲಾಡಿಸಲಿಲ್ಲ.

ಹಬ್ಬದ ದಿನ ಅಡ್ಡೆಯಲ್ಲಿ ಇನ್ನೊಂದು ಗಾಡಿ ಇರಲಿಲ್ಲ. ಹುಣಿಸೆಮರ, ಕಲ್ಲಿನ ತೊಟ್ಟಿ, ಕುದುರೆ ಲದ್ದಿ, ಇಷ್ಟೇ. ಎದುರುಮನೆಯ ಜಗಲಿಯಿಂದ ಶ್ರೀನಿವಾಸಪ್ಪ ಮೇಷ್ಟ್ರು ಕೊಡೆ ಸಮೇತ ಇಳಿದು ಬಂದರು. ಯಾರೂ ಕರೆಯದೆ ಬರುವುದು ಅವರ ವಿದ್ವತ್ತು.

“ಅಡ್ಡೆ ಅಂದ್ರೆ ಹೆಗಲ ಮೇಲೆ ಅಡ್ಡ ಹೊರೋ ಬೊಂಬು. ಪಲ್ಲಕ್ಕಿಯೋರು ಅದನ್ನ ಇಳಿಸಿ ಕೂತ ಜಾಗಕ್ಕೂ ಅದೇ ಹೆಸರಾಯ್ತು ಅಂತ ನನ್ನ ಅಂದಾಜು. ಸಾಬರು ಪಾರಿವಾಳ ಕೂರೋ ಕೋಲಿಗೂ ಅಡ್ಡಾ ಅಂತಾರೆ.”

“ಜೂಜಿಗ್ಯಾಕೆ ಆ ಹೆಸರು ಸಾಮಿ?” ಎಂದ ನರಸಿಂಹಪ್ಪ.

“ಬಾಡಿಗೆಗೆ ಕಾಯೋನು ಸುಮ್ನೆ ಕೂರ್ತಾನೇನಪ್ಪ? ಕಲ್ಲು ಆಡ್ತಾನೆ, ಕವಡೆ ಆಡ್ತಾನೆ. ಹೊರೋರ ಜಾಗ, ಆಡೋರ ಜಾಗ ಆಗೋಗುತ್ತೆ.”

ಮಾವ ಮರ ನೋಡಿದ, ತೊಟ್ಟಿ ನೋಡಿದ, ಲದ್ದಿಯನ್ನೂ ನೋಡಿದ. ಕೊನೆಗೆ, “ಸರಿ, ಕರ್ಕೊಂಡೋಗು,” ಎಂದ.

ಆಂಜಿನಪ್ಪ ಕೂಸಿಗೆ ಕೈ ಚಾಚಿದ.

“ಈಗ ರಾಹುಕಾಲ ಕಣ್ರಯ್ಯಾ!” ಎಂದರು ಮೇಷ್ಟ್ರು.

ಚಾಚಿದ ಕೈ ಹಾಗೇ ನಿಂತಿತು. ರಾಹುಕಾಲದಲ್ಲಿ ಯಾರು ಮಗಳನ್ನು ಕಳಿಸುತ್ತಾರೆ? ಕಳೆಯಲಿ ಎಂದು ಎಲ್ಲರೂ ಹುಣಿಸೆಮರದ ಕೆಳಗೆ ಕೂತರು. ಒಬ್ಬ ಆಕಳಿಸಿದ. ಆಕಳಿಕೆ ಕಜ್ಜಿಯಂತೆ ಸಾಲಿಗೆ ಹಬ್ಬಿತು. ನರಸಿಂಹಪ್ಪ ಪೇಟದೊಳಗೆ ಕೈ ಹಾಕಿ ಇಸ್ಪೀಟಿನ ಎಲೆಕಟ್ಟು ತೆಗೆದ.

“ತೊಡಕಿನ ದಿನ ಒಂದು ಕೈ ಆಡದಿದ್ರೆ ವರ್ಷವೆಲ್ಲ ದರಿದ್ರ. ಬರೀ ಶಾಸ್ತ್ರಕ್ಕೆ.”

ಮೊದಲ ಆಟದಲ್ಲಿ ಮಾವ ಅತ್ತಿತ್ತ ನೋಡಿದ. ಮುಂದಿನದಕ್ಕೆ ಟವಲು ಹಾಸಿಕೊಂಡ. ಆಮೇಲೆ ನರಸಿಂಹಪ್ಪನ ಬಾಡಿನ ಪಾಲು ಗೆದ್ದ. “ನಾನು ಬರೀ ನೋಡ್ತೀನಿ,” ಎಂದು ಕೂತ ಮೇಷ್ಟ್ರು ಕೊಡೆ ಕಳೆದುಕೊಂಡರು.

ರಾಹುಕಾಲ ಕಳೆಯಿತು. ನೆರಳು ಜರುಗಿತು. ಕೂಸು ಅತ್ತು ಅತ್ತು ಮಲಗಿತು. ಮಡಿಲಕ್ಕಿಯ ಗಂಟು ಹಿಡಿದು ಮುನಿಯಲ್ಲಮ್ಮ ನಿಂತೇ ಇದ್ದಳು.

“ಮಾವ, ಹೊತ್ತಾಯ್ತು.”

ಮಾವ ಎಲೆ ಎತ್ತಿ ಜೋಡಿಸಿಕೊಂಡ.

“ಮಾವ…”

“ಏಮಿರಾ ನೀ ಗೋಲ! ಏನ್ಲಾ ನಿನ್ನ ರಗಳೆ!” ಮಾವ ಎಲೆ ಬಡಿದ. “ಮಗಳನ್ನ ಇಂಥಾ ಕಡೆ ಬಿಟ್ಟೋಗ್ಲಾ? ಬೆಳಿಗ್ಗೆ ಅವರಿವರ ಮಾತು ಕೇಳಿ ಅಂದಿದ್ದೆ. ಈಗ ನಾನೇ ಕೂತು ಆಡಿ ನೋಡಿದೀನಿ. ಇದು ಅಡ್ಡೆ ಅಲ್ಲ ಅಂತ ಇನ್ನೊಂದ್ಸಲ ಅನ್ನು ನೋಡೋಣ!”

ಸಾಕ್ಷಿಗೆ ಬಂದವರೆಲ್ಲ ಎಲೆಯಿಂದ ಕಣ್ಣೆತ್ತದೆ ತಲೆಯಾಡಿಸಿದರು. ಮೇಷ್ಟ್ರೂ ಆಡಿಸಿದರು.

“ತೊಡಕಿನ ದಿನ ಗೆದ್ದ ಜಾಗ ಬಿಡಬಾರ್ದು. ನಾಳೆಯಿಂದ ದಿನಾ ಬರ್ತೀನಿ. ಇವಳನ್ನ ಆವನೀಲಿ ನಮ್ಮ ಮನೆಗೆ ಬಿಟ್ಟು, ಸಂಜೆ ನಮ್ಮನ್ನ ಕರ್ಕೊಂಡೋಗೋಕೆ ಬಾ.”

ಆಂಜಿನಪ್ಪನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಇಂದು ಜಗಳವಾಡಿದರೆ ವರ್ಷವೆಲ್ಲ ಜಗಳ. ಅವನು ಆ ಮಾತನ್ನು ಕಹಿಬೇವಿನಂತೆ ನುಂಗಿದ. ಮುನಿಯಲ್ಲಮ್ಮ ತಾನೇ ಗಾಡಿ ಹತ್ತಿ, ಮಲಗಿದ ಕೂಸಿನ ಮೇಲೆ ಸೆರಗು ಎಳೆದಳು.

ಅವನು ಹತ್ತಲಿಲ್ಲ. ಕುದುರೆ ಬೆಳಗಿನಿಂದ ಹೊತ್ತದ್ದೇ ಸಾಕಾಗಿತ್ತು. ಕಡಿವಾಣ ಹಿಡಿದು ಆವನಿಯ ದಾರಿಗೆ ತಿರುಗಿದ.

“ಕೇಳಿಸ್ತೇನ್ಲಾ, ಅಡ್ಡೆ ಆಂಜಿನಪ್ಪ?” ಹಿಂದಿನಿಂದ ಮಾವ ಕೂಗಿದ.

ಆಂಜಿನಪ್ಪ ನಡೆಯುತ್ತಲೇ ಇದ್ದ.