ಬುಲ್ಡೋಜರ್‌ಗೆ ಪೂರ್ವ ದಿಕ್ಕು ತೋರಿಸಿದ್ದು

ಮಿಕ್ಸಿ ಕೆಟ್ಟರೆ ನಾನೇ ಬಿಚ್ಚುತ್ತೇನೆ. ಕುಕ್ಕರಿನ ಹಿಡಿ ಸಡಿಲವಾದರೆ ನಾನೇ ಬಿಗಿಯುತ್ತೇನೆ. ದೇವರು ಎರಡು ಕೈ ಕೊಟ್ಟಿರುವಾಗ ಬುಲ್ಡೋಜರ್ ಮಾತ್ರ ಏನು ಮಹಾ, ಅದೂ ಕಬ್ಬಿಣವೇ ತಾನೇ ಎಂದುಕೊಂಡೆ. ಅಂದುಕೊಳ್ಳುವುದರಲ್ಲಿ ತಪ್ಪೇನೂ ಇರಲಿಲ್ಲ.

ಬುಲ್ಡೋಜರ್ ನಮ್ಮ ಮಾವನವರದು. ಹರೆಯದಲ್ಲಿ ದೊಡ್ಡಬಳ್ಳಾಪುರದ ಸುತ್ತಮುತ್ತ ಎಷ್ಟೋ ಹೊಲಗಳ ದಿಬ್ಬ ಸವರಿ ಸಮ ಮಾಡಿದ್ದರು. ಮಂಡಿನೋವು ಬಂದ ಮೇಲೆ ತಂದು ಹಿತ್ತಿಲಿನಲ್ಲಿ ನಿಲ್ಲಿಸಿದರು. ಅದು ನಿಂತೇ ಬಿಟ್ಟಿತು. ಜಾಲಿಗಿಡ ಅದರ ಚೈನಿನ ಸಂದಿಯಿಂದ ಎದ್ದು ನೆತ್ತಿಗೆ ನೆರಳು ಕೊಡುತ್ತಿತ್ತು. ಡ್ರೈವರ್ ಸೀಟಿನಲ್ಲಿ ನಮ್ಮ ಕೋಳಿ ಕಾವಿಗೆ ಕೂರುತ್ತಿತ್ತು.

ಹೋದ ವರ್ಷ ಅದರಡಿಯಲ್ಲಿ ಹಾವಿನ ಪೊರೆ ಸಿಕ್ಕಿತು. ನಾನು ಘಾಟಿ ಸುಬ್ರಹ್ಮಣ್ಯನಿಗೆ ಕೈಮುಗಿದೆ. ನಮ್ಮ ಯಜಮಾನರು ಗುಜರಿಯವನಿಗೆ ಫೋನ್ ಮಾಡಿದರು. ಸೋಮವಾರ ಬಂದು ತುಂಡು ಮಾಡಿ ಒಯ್ಯುತ್ತೇನೆ ಎಂದನಂತೆ.

ಅವತ್ತಿನಿಂದ ಮಾವನವರ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯತೊಡಗಿತು. ಸುಮ್ಮನೆ ಹೋಗಿ ಗಾಡಿಯ ಪಕ್ಕ ಕೂತು ಬರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇದನ್ನು ಓಡಿಸಿ ತೋರಿಸಿದರೆ ಏನು ಮಾಡುತ್ತೀರಿ ಎಂದು ಯಜಮಾನರನ್ನು ಕೇಳಿದೆ.

"ಒಂದು ಮಾರು ಅಲ್ಲಾಡ್ಲಿ ಸಾಕು. ಗುಜರಿಯವನನ್ನ ಹಂಗೇ ವಾಪಸ್ ಕಳಿಸ್ತೀನಿ," ಎಂದರು.

ಕಾರ್ಯಾಚರಣೆ ವಿಧ್ಯುಕ್ತವಾಗಿ ಆರಂಭವಾಯಿತು. ಜಾಲಿ ಕಡಿಸಿದೆ. ಕೋಳಿಗೆ ಬೇರೆ ಮಂಕರಿ ಕೊಟ್ಟೆ. ಹುಣಸೆಹಣ್ಣು ಹಚ್ಚಿ ಗಾಡಿಯ ಮೈ ಉಜ್ಜಿದೆ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ಜಿಡ್ಡು. ಜಿಡ್ಡಿಗೆ ಸೀಗೆಪುಡಿಗಿಂತ ಮದ್ದುಂಟೇ? ಬಿಸಿನೀರಿನಲ್ಲಿ ಕದಡಿ ಧಾರಾಳವಾಗಿ ಹುಯ್ದೆ.

ಮಾರನೆಯ ದಿನ ದೊಡ್ಡಬಳ್ಳಾಪುರದಿಂದ ಗಾಡಿ ರಿಪೇರಿಗೆ ಬಂದ ನಯಾಜ್ ಮೇಸ್ತ್ರಿ ಟ್ಯಾಂಕಿಗೆ ಬೆರಳಿಟ್ಟು ಮೂಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾ, ಇದಕ್ಕೆ ತಲೆಗೆ ನೀರು ಹಾಕಿದ್ರಾ?"

ಟ್ಯಾಂಕು ಇಳಿಸಿ ತೊಳೆದು ಒಣಗಿಸುವುದರಲ್ಲೇ ಶನಿವಾರ ಕಳೆಯಿತು. ದೇವರು ದೊಡ್ಡವನು, ನೀರು ಇಂಜಿನ್‌ವರೆಗೆ ಹೋಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಹೊಸ ಬ್ಯಾಟರಿ ಬಂತು. ನಾನು ಪೂಜೆಗೆ ಅಣಿಯಾದೆ. ಅರಿಶಿನ ಕುಂಕುಮ, ಸೇವಂತಿಗೆ ಹಾರ, ಚೈನಿನ ಮುಂದೆ ನಿಂಬೆಹಣ್ಣು. ಕಳಶಕ್ಕೆ ಎತ್ತರದ ಜಾಗ ಹುಡುಕಿದೆ. ಗಾಡಿಯ ಮೂತಿಯ ಮೇಲೆ ಒಂದು ಕೊಳವೆ ನೆಟ್ಟಗೆ ನಿಂತಿತ್ತು. ನಮ್ಮ ಚೊಂಬಿನ ಅಳತೆ ತೆಗೆದುಕೊಂಡೇ ಮಾಡಿದ ಹಾಗಿತ್ತು! ಮಾವಿನೆಲೆ, ತೆಂಗಿನಕಾಯಿ ಸಮೇತ ಅದರ ಮೇಲೆ ಪ್ರತಿಷ್ಠಾಪನೆ ಮಾಡಿದೆ. ಅದು ಹೊಗೆ ಹೋಗುವ ಕೊಳವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬ್ರೇಕ್ ಇನ್ನೂ ಆಗಿಲ್ಲ, ಒಂದು ಗಂಟೆ ಬೇಕು ಎಂದು ಮೇಸ್ತ್ರಿ ಗಾಡಿಯ ಕೆಳಗಿನಿಂದಲೇ ಹೇಳಿದ. ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟು ಹೊತ್ತು ಕಾಯಲಾಗದು ಎಂದೆ. ಹಾಗಾದರೆ ಹಿಂದಕ್ಕೆ ತೆಗೆಯೋಣ, ಹಿಂದೆ ಬಯಲಿದೆ ಎಂದ. ಇಷ್ಟು ವರ್ಷ ನಿಂತ ಗಾಡಿ ಎದ್ದ ಮೊದಲ ಸಲವೇ ಹಿಂದಕ್ಕೆ ಹೋಗುವುದುಂಟೇ?

"ನಿಂಬೆಹಣ್ಣು ಮುಂದೈತೆ, ಪೂರ್ವ ಮುಂದೈತೆ. ಮುಂದಕ್ಕೇ ಹೋಗ್ಲಿ ಕಣಪ್ಪ."

"ಮುಂದೆ ನಿಮ್ಮ ಬಚ್ಚಲುಮನೇನೂ ಐತಲ್ಲಕ್ಕಾ."

"ಹೋಗೋದು ಒಂದು ಮಾರು ತಾನೇ."

ಮಾವನವರು ಹತ್ತಿ ಕೂತರು. ಇಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು. ಆಮೇಲೆ ಢಂ ಎಂದಿತು. ನನ್ನ ಕಳಶ ಆಕಾಶಕ್ಕೆ ಹೋಯಿತು! ಚೊಂಬು ಪಕ್ಕದ ಮನೆ ಜಯಮ್ಮನ ಹುಲ್ಲಿನ ಮೆದೆಯ ಮೇಲೆ ಇಳಿಯಿತು. ಕಾಯಿ ಮಾತ್ರ ನೇರ ಬಂದು ಗಾಡಿಯ ಮೂತಿಗೇ ಬಡಿದು ಸರಿಯಾಗಿ ಎರಡು ಹೋಳಾಯಿತು. ಇದಕ್ಕಿಂತ ಒಳ್ಳೆಯ ಶಕುನ ಬೇಕೇ? ನಿಂಬೆಹಣ್ಣು ಪಚಕ್ ಎಂದಿತು. ಒಂದು ಮಾರು ಆಯಿತು. ಗಾಡಿ ನಿಲ್ಲಲಿಲ್ಲ.

ಬುಲ್ಡೋಜರ್ ಓಡುವುದಿಲ್ಲ, ನಡೆಯುತ್ತದೆ. ಹಾಗಾಗಿ ಅದರ ಪಕ್ಕದಲ್ಲೇ ನಡೆಯುತ್ತಾ, ನಿಲ್ಲಿಸಿ ಎಂದು ಕೂಗುತ್ತಾ ಕೈಬೀಸಲು ನಮಗೆ ಬೇಕಾದಷ್ಟು ಸಮಯ ಸಿಕ್ಕಿತು. ಮಾವನವರಿಗೆ ಕಿವಿ ಮಂದ. ಮುಂದಿನ ಮಣ್ಣು ತಳ್ಳುವ ದೊಡ್ಡ ಹಲಗೆಯನ್ನು ಮೇಲಕ್ಕೆತ್ತಿದ್ದರಿಂದ ದಾರಿಯೂ ಕಾಣುತ್ತಿರಲಿಲ್ಲ. ನಾವು ಸಂತೋಷಕ್ಕೆ ಕೈಬೀಸುತ್ತಿದ್ದೇವೆ ಎಂದುಕೊಂಡು ಅವರೂ ಬೀಸಿದರು.

ಆಮೇಲೆ ಬಚ್ಚಲುಮನೆ ಹೋಯಿತು. ಬಾಗಿಲು, ಗೋಡೆ, ನನ್ನ ತಾಮ್ರದ ಹಂಡೆ, ಹೀಗೆ ಒಂದೊಂದಾಗಿ, ಯಾವ ಅವಸರವೂ ಇಲ್ಲದೆ. ಮೇಸ್ತ್ರಿ ಹಾರಿ ಹತ್ತಿ ಡೀಸೆಲ್ ಬಂದ್ ಮಾಡಿದ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟಿದ್ದ ಯಜಮಾನರನ್ನು, ಪೂಜೆ ನೋಡಿ ಹೋಗಿ ಎಂದು ತಡೆದವಳು ನಾನೇ. ಅದನ್ನು ಇವತ್ತಿಗೂ ಅವರಿಗೆ ಆಗಾಗ ನೆನಪಿಸುತ್ತಿರುತ್ತೇನೆ.

ಮಾವನವರು ನಿಧಾನವಾಗಿ ಇಳಿದು ಬಂದರು. ಮುಖ ಮದುಮಗನ ಹಾಗೆ ಬೆಳಗುತ್ತಿತ್ತು.

"ಮೊದ್ಲಿನ ಹಂಗೇ ಎಳೀತದೆ ಕಣವ್ವ. ಕೊನೇಲಿ ಏನೋ ಒಂಚೂರು ಅಡ್ಡ ಸಿಕ್ತು."

ಅವತ್ತು ಎರಡು ಮುದ್ದೆ ಉಂಡರು. ಅದನ್ನು ನೋಡಿದ ಮೇಲೆ ನನಗೆ ಬಚ್ಚಲುಮನೆಯ ದುಃಖ ಅಷ್ಟಾಗಿ ಉಳಿಯಲಿಲ್ಲ.

ಸೋಮವಾರ ಗುಜರಿಯವನು ಸಿಲಿಂಡರ್, ಕಟರ್ ಎಲ್ಲಾ ಹೊತ್ತು ಬಂದ. ಯಜಮಾನರು ಮಾತಿಗೆ ತಪ್ಪುವವರಲ್ಲ. ಬುಲ್ಡೋಜರ್ ಕೊಡುವುದಿಲ್ಲ ಎಂದರು. ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಅವನು ಸುತ್ತಲೂ ನೋಡಿದ. ದೋಸೆಯಂತಾಗಿದ್ದ ನನ್ನ ಹಂಡೆಯನ್ನು ಮಡಚಿ ತನ್ನ ಗಾಡಿಗೆ ಹಾಕಿಕೊಂಡು ಹೋದ.

ಮೊನ್ನೆ ಜಯಮ್ಮನ ಮನೆಗೆ ಹೊಸ ಟ್ರ್ಯಾಕ್ಟರ್ ಬಂತು. ನಮ್ಮ ಬಚ್ಚಲುಮನೆ ಇನ್ನೂ ಎದ್ದಿಲ್ಲ, ಈಗ ನಮಗೆಲ್ಲ ಅವಳ ಮನೆಯಲ್ಲೇ ಸ್ನಾನ. ಬಕೆಟ್ ಹಿಡಿದು ಬರುತ್ತಿದ್ದ ನನ್ನನ್ನು ನಿಲ್ಲಿಸಿ, ಪೂಜೆಯಾದ ಮೇಲೆ ಟ್ರ್ಯಾಕ್ಟರನ್ನು ಮೊದಲು ಯಾವ ಕಡೆಗೆ ಬಿಡಬೇಕು ಎಂದು ಬಹಳ ವಿನಯದಿಂದ ಕೇಳಿದಳು. ನನಗೂ ಹೆಮ್ಮೆಯಾಯಿತು. ಪೂರ್ವಕ್ಕೆ ಎಂದೆ.

ಜಯಮ್ಮ ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು: "ಏನ್ರೀ, ಕೇಳಿಸ್ತಾ? ಪಶ್ಚಿಮಕ್ಕೇ ಬಿಡಿ."