ಕಾಳು ಕಡಿದು ನೋಡುವ ಅತ್ತೆ

ನಮ್ಮ ಸೋದರತ್ತೆಗೆ ದೇವರು ಹಲ್ಲು ಕೊಟ್ಟದ್ದು ಊಟ ಮಾಡಲಿಕ್ಕಲ್ಲ, ಸುಲೇಪೇಟದ ವ್ಯಾಪಾರಿಗಳನ್ನು ನಡುಗಿಸಲಿಕ್ಕೆ! ನಂಬುವುದಿಲ್ಲವೆ? ಅವಳ ಜೊತೆ ಒಮ್ಮೆ ಸಂತೆಗೆ ಹೋಗಿದ್ದರೆ ನಂಬುತ್ತಿದ್ದಿರಿ. ಯಾವ ಕಾಳೇ ಇರಲಿ, ಒಂದನ್ನೆತ್ತಿ ಕಟಕ್ಕನೆ ಕಡಿದು ಕಣ್ಣು ಮುಚ್ಚುತ್ತಿದ್ದಳು. ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ, ಹೊಸದಕ್ಕೆ ಹಳೆಯದು ಬೆರೆಸಿದ್ದಾರೋ, ಎಲ್ಲ ಬಯಲು! ಅವಳು ನಮ್ಮೂರು ಕೊಡ್ಲಿಯ ಬಸ್ಸಿನಿಂದ ಇಳಿದಳೆಂದರೆ ಅಂಗಡಿಕಾರರು ಚೀಲಗಳ ಬಾಯಿ ಕಟ್ಟುತ್ತಿದ್ದರು.

ಒಮ್ಮೆ ಒಬ್ಬ ವ್ಯಾಪಾರಿ ಬಂಗಾರದಂಥ ತೊಗರಿಬೇಳೆ ತೋರಿಸಿ, "ನೋಡ್ರಿ ಅವ್ವಾರೆ, ಹ್ಯಾಂಗ ಥಳಥಳ ಅಂತದ!" ಎಂದ. ಅತ್ತೆ ಕಡಿಯುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಅವನ ಕುಡಿಯುವ ನೀರಿನ ಚರಿಗೆಯಲ್ಲೇ ಒಂದು ಮುಷ್ಟಿ ಬೇಳೆ ಸುರಿದಳು. ನೋಡನೋಡುತ್ತ ನೀರೆಲ್ಲ ಹಳದಿ!

"ಅಯ್ಯ ಪಾಪ, ನಿನ್ನ ಬ್ಯಾಳಿಗಿ ಅರಿಶಿಣ ಕಾಮಣಿ ಆಗ್ಯದಲ್ಲೋ! ಮೊದಲ ಇದಕ್ಕ ಔಷಧ ಕೊಡಸು, ಆಮ್ಯಾಲ ಮಾರು!"

ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು, ವ್ಯಾಪಾರಿಯೊಬ್ಬನನ್ನು ಬಿಟ್ಟು.

ಇಂಥ ಅತ್ತೆಯ ಎದುರಿಗೆ ಹೈಬ್ರಿಡ್ ಜೋಳ ಬಂತು! ತಂದವನು ಮೈಸೂರು ಕಡೆಯ ಹರೆಯದ ಗ್ರಾಮಸೇವಕ. ಊರಿಗೆಲ್ಲ ಹಬ್ಬ: ಒಂದು ಚೀಲ ಬೆಳೆಯುತ್ತಿದ್ದಲ್ಲಿ ಮೂರು ಚೀಲವಂತೆ! ಅತ್ತೆ ಆ ಕೆಂಪು ಬಣ್ಣದ ಬೀಜವನ್ನು ಬಾಯಿಗೆ ಒಯ್ದದ್ದೇ ತಡ, ಅವನು ಹಾರಿಬಂದು ಕೈ ಹಿಡಿದ.

"ಅಮ್ಮಾ, ಬೇಡಿ! ಬೀಜಕ್ಕೆ ಔಷಧಿ ಹಚ್ಚಿದ್ದಾರೆ, ತಿನ್ನಬಾರದು!"

"ತಿನಬಾರದ ಬೀಜಾ ಬಿತ್ತಿ, ತಿನ್ನೋ ಜ್ವಾಳ ಹ್ಯಾಂಗ ಬೆಳಸ್ತಿಯೋ ತಮ್ಮಾ?"

ಪಾಪ, ಈ ಪ್ರಶ್ನೆ ಅವನ ಪರೀಕ್ಷೆಯಲ್ಲಿ ಬಂದಿರಲಿಲ್ಲ!

ಊರೆಲ್ಲ ಬಿತ್ತಿತು. ಅತ್ತೆ ಮಾತ್ರ ಮಳೆಗಾಲ ಮುಗಿದ ಮೇಲೆ ಬಿತ್ತುವ ಬಿಳಿಜೋಳಕ್ಕೆಂದು ಹೊಲ ಖಾಲಿ ಇಟ್ಟಳು. ಹೈಬ್ರಿಡ್ಡೋ, ದಂಟು ಗಿಡ್ಡ, ತೆನೆ ತೋಳಿನಷ್ಟು! ಗ್ರಾಮಸೇವಕ ದಿನಾ ಅವಳ ಬದುವಿನ ಮೇಲೆ ನಿಂತು ಕೂಗುತ್ತಿದ್ದ, "ಈಗೇನಂತೀರಮ್ಮಾ?"

"ಕಾಳ ಖರೇನ ಭಾಳ ಅವ. ಆದರ ದನಕ್ಕ ಮೇಯಾಕ ಕಣಕಿ ಎಲ್ಲದ? ನೀ ಮನಷಾರ ಪಾರ್ಟಿ, ನಾ ಎತ್ತಿನ ಪಾರ್ಟಿ!"

ಕೊಯ್ಲಿಗೆ ನಾಲ್ಕು ದಿನ ಇರುವಾಗ ಮಳೆ ಹಿಡಿಯಿತು. ವಾರವಾದರೂ ಬಿಡಲಿಲ್ಲ. ತೆನೆಗೆ ಬೂಷ್ಟು ಹತ್ತಿ ಕಾಳು ಕಪ್ಪಾದವು. ಸಿಟ್ಟಿಗೆದ್ದ ಜನ ಗ್ರಾಮಸೇವಕನನ್ನು ಚಾವಡಿಯ ಮುಂದೆ ಸುತ್ತುವರಿದರು. ಒಬ್ಬ ಅವನ ಅಂಗಿ ಹಿಡಿದೇಬಿಟ್ಟ. ಅಷ್ಟರಲ್ಲಿ ಅತ್ತೆ ಬಂದಳು. ಗೆದ್ದವಳು ಅವಳೇ ಅಲ್ಲವೆ? ಇನ್ನೆಂಥ ಮಾತು ಸಿಡಿಸುತ್ತಾಳೋ ಎಂದು ನಾವೆಲ್ಲ ಕಿವಿ ನಿಮಿರಿಸಿದೆವು.

"ಅಂಗಿ ಬಿಡೋ! ಮಳಿ ಇಂವಾ ತಂದಾನೇನು? ವಾರದಿಂದ ನಿಮ್ಮ ಹೊಲದಾಗ ನಿಮಗಿಂತ ಭಾಳ ತೊಯ್ದಾನ. ನಮ್ಮ ಮನ್ಯಾಗ ಬಿಳಿಜ್ವಾಳದ ಬೀಜ ಅವ. ಎಲ್ಲಾರೂ ಒಯ್ದು ಬಿತ್ತರಿ, ನಡೀರಿ."

ಅವನನ್ನು ಕೈಹಿಡಿದು ಮನೆಗೆ ಕರೆತಂದು ಬಿಸಿ ರೊಟ್ಟಿ ಬಡಿಸಿದಳು. ಅವನು ತಲೆ ತಗ್ಗಿಸಿಯೇ, "ವರ್ಗ ಮಾಡಿಸ್ಕೊಂಡು ಹೊರಟುಹೋಗ್ತೀನಮ್ಮಾ" ಎಂದ.

ಅತ್ತೆ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ನೀ ಹೋದರ ಬರೋ ವರ್ಷ ನನಗ ಯಾರು ತೋರಸ್ತಾರ? ನಿನ್ನ ಬೀಜಕ್ಕಂತ ಹೊಲದಾಗ ನಾಕ ಸಾಲ ಬಿಡಾಕತ್ತೀನಿ. ಉಣ್ಣು ಮಗಾ."

ಅವನು ಹೋಗಲಿಲ್ಲ. ಎರಡು ವರ್ಷದ ಮೇಲೆ ಮೈಸೂರು ಸೀಮೆಯಲ್ಲಿ ಅವನ ಮದುವೆಯಾಯಿತು. ತಾಯಿಯಿಲ್ಲದ ಆ ಹುಡುಗನಿಗೆ ಹೆತ್ತವಳ ಜಾಗದಲ್ಲಿ ನಿಂತು ಅಕ್ಷತೆ ಹಾಕಿದವಳು ನಮ್ಮ ಅತ್ತೆ.