ಎಲೆ ಹೊರುವ ದಾರಿಗೆ ಕಾರು ಕಳಿಸುವ ಅಮ್ಮನವರಿಗೆ

ಮೊಬೈಲಿನೊಳಗೆ ಕುಳಿತು ಲೋಕಕ್ಕೆಲ್ಲ ದಾರಿ ಹೇಳುವ ಧ್ವನಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಸಾದರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಈ ಏಳು ವರ್ಷಗಳಲ್ಲಿ ತಮಗೆ ಒಮ್ಮೆಯಾದರೂ ನೆಗಡಿಯಾದದ್ದನ್ನಾಗಲಿ, ಗಂಟಲು ಕಟ್ಟಿದ್ದನ್ನಾಗಲಿ ನಾನು ಕೇಳಿಲ್ಲ, ಮತ್ತು ನಮ್ಮ ಬೆಟ್ಟದ ಚಳಿಯಲ್ಲಿ ಅದು ಸಣ್ಣ ಸಾಧನೆಯಲ್ಲ. ನಾನು ನೀಲಗಿರಿ ಜಿಲ್ಲೆಯ ಕೂಕಲ್ತೊರೈ ಕಡೆಯ ಒಂದು ಪುಟ್ಟ ಹಟ್ಟಿಯ ನಿವಾಸಿ ವಿಶ್ವನಾಥ್, ವಯಸ್ಸು ಐವತ್ಮೂರು. ಹಟ್ಟಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ತಾವು ಇನ್ನೂ ಹತ್ತು ಕಾರು ಕಳಿಸಿಬಿಡುತ್ತೀರಿ ಎಂಬ ಭಯವಿದೆ. ಮನೆಯಲ್ಲಿ ಬಡಗ, ಬಜಾರಿನಲ್ಲಿ ತಮಿಳು ಆಡುವ ನಾನು ತಮ್ಮೊಡನೆ ಮಾತ್ರ ಕನ್ನಡದಲ್ಲಿ ವ್ಯವಹರಿಸುತ್ತೇನೆ, ಏಕೆಂದರೆ ಡಿಪ್ಲೊಮಾ ಓದಿದ್ದು ಮೈಸೂರಿನಲ್ಲಿ, ಮತ್ತು ಅಲ್ಲಿಂದೀಚೆಗೆ ನನ್ನೊಡನೆ ಇಷ್ಟು ಶುದ್ಧವಾದ ಕನ್ನಡವನ್ನು ಇಷ್ಟು ತಾಳ್ಮೆಯಿಂದ ಆಡಿದವರು ತಾವೊಬ್ಬರೇ.

ಯಂತ್ರಗಳ ಮೇಲೆ ನನಗೆ ಮೊದಲಿನಿಂದಲೂ ಭಕ್ತಿ. ಕುಂದಾದ ಪವರ್ ಹೌಸಿನಲ್ಲಿ ಇಪ್ಪತ್ತಾರು ವರ್ಷ ಮೀಟರಿನ ಮುಳ್ಳು ನೋಡುತ್ತ ಕುಳಿತು, ಸ್ವಯಂ ನಿವೃತ್ತಿ ಪಡೆದು ಹಟ್ಟಿಗೆ ಬಂದ ಮೇಲೆ ನೋಡಲು ಮುಳ್ಳಿಲ್ಲದೆ ಜೀವ ಚಡಪಡಿಸಿ, ಮನೆಯ ಮಾಡಿನ ಮೇಲೆ ನಾನೇ ಒಂದು ಹವಾಮಾನ ಕೇಂದ್ರ ಕಟ್ಟಿದೆ. ಅದು ಪ್ರತಿದಿನ ಬೆಳಿಗ್ಗೆ ಆರಕ್ಕೆ ಹಟ್ಟಿಯ ವಾಟ್ಸಾಪ್ ಗುಂಪಿಗೆ ‘ಈಗ ಏಳು ಡಿಗ್ರಿ’ ಎಂದು ತಿಳಿಸುತ್ತದೆ, ಆ ಹೊತ್ತಿಗೆ ಹಟ್ಟಿಯವರೆಲ್ಲ ಆ ಏಳು ಡಿಗ್ರಿಯಲ್ಲೇ ನಿಂತು ಹಲ್ಲು ಕಟಕಟಿಸುತ್ತಿರುತ್ತಾರೆ. ಹಸುವಿನ ಕೊರಳಿಗೂ ಒಂದು ಯಂತ್ರ ಕಟ್ಟಿದ್ದೇನೆ. ಹಸು ಎಲ್ಲಿದೆ ಎಂದು ಮೊಬೈಲಿನಲ್ಲಿ ಕೇಳಿದರೆ ಕೊಟ್ಟಿಗೆಯಲ್ಲಿದೆ ಎನ್ನುತ್ತದೆ, ಕಿಟಕಿಯಿಂದ ನೋಡಿದರೂ ಕೊಟ್ಟಿಗೆಯಲ್ಲೇ ಇರುತ್ತದೆ. ನನ್ನ ಹೆಂಡತಿ ಹೇಮಾ ಇದನ್ನೆಲ್ಲ ಸಹಿಸಿಕೊಂಡಿದ್ದಾಳೆ, ಬಾಯಿಮಾತಿಗೆ ಹತ್ತಿಕೊಳ್ಳುವ ದೀಪವೊಂದನ್ನು ಬಿಟ್ಟು. ದೀಪಕ್ಕೆಲ್ಲ ದಯವಿಟ್ಟು ಎನ್ನಲಾರೆ ಎಂದು ಅವಳು ಅಡುಗೆಮನೆಗೆ ಹಳೆಯ ಸ್ವಿಚ್ಚನ್ನೇ ಮರಳಿ ಹಾಕಿಸಿಕೊಂಡಳು.

ವಿಷಯಕ್ಕೆ ಬರುತ್ತೇನೆ. ನಮ್ಮ ಹಟ್ಟಿಯಲ್ಲಿ ನನ್ನ ಮನೆಯ ಕೆಳಗೇ ಇರುವ ನಂಜುಂಡನ್ ಅವರ ಮಗಳು ರಮ್ಯಾ ಉದಗಮಂಡಲದ ಹೋಟೆಲೊಂದರಲ್ಲಿ ಎಂಟು ವರ್ಷ ದುಡಿದು, ಹಿಂದಿರುಗಿ, ತಂದೆಯ ಮನೆಯ ಎರಡು ಕೋಣೆಗಳಿಗೆ ಸುಣ್ಣ ಹೊಡೆಸಿ, ಬಂದವರು ಉಳಿದುಕೊಳ್ಳಲು ಅನುಕೂಲ ಮಾಡಿ, ಬಾಗಿಲಲ್ಲಿ ಒಂದು ಬೋರ್ಡು ತೂಗುಹಾಕಿದ್ದಳು. ಆ ಬೋರ್ಡು ಈಗ ಇಳಿದಿದೆ. ತಾವು ಮಾಡಿದ ಕೆಲಸವನ್ನು ಅವಳು ಮಾಡಿಸಿದಳೆಂದು ಹಟ್ಟಿಯವರು ನಂಬಿದ್ದಾರೆ, ಬರುವ ಸೋಮವಾರ ಊರವರು ಸೇರಿ ನ್ಯಾಯ ಹೇಳುವ ಕೂಟದಲ್ಲಿ ಆ ನಂಬಿಕೆಯೇ ತೀರ್ಮಾನವಾಗಲಿದೆ, ಮತ್ತು ತೀರ್ಮಾನವಾದರೆ ಆ ಹೆಣ್ಣುಮಗಳು ಊರು ಬಿಡುವುದೊಂದೇ ಬಾಕಿ. ಅದು ಆಗಬಾರದೆಂದೇ ಈ ಪತ್ರ.

ತಾವು ಮಾಡಿದ ಕೆಲಸವನ್ನು ತಾವು ಮರೆತಿರಬಹುದು, ದಿನಕ್ಕೆ ಲಕ್ಷಾಂತರ ಜನರನ್ನು ಎಡಕ್ಕೆ ತಿರುಗಿಸುವವರಿಗೆ ಎಲ್ಲ ನೆನಪಿರಬೇಕೆಂದರೆ ಹೇಗೆ. ಮೇಲಿನ ಟಾರು ರಸ್ತೆಯಿಂದ ಕೆಳಗಿನ ಟಾರು ರಸ್ತೆಗೆ ಟೀ ತೋಟದ ನಡುವೆ ಇಳಿಯುವ ಒಂದು ಕಾಲುದಾರಿಯಿದೆ. ನಮ್ಮ ಹೆಂಗಸರು ಕಿತ್ತ ಎಲೆಯನ್ನು ಮೂಟೆ ಕಟ್ಟಿ ತಲೆಯ ಮೇಲೆ ಹೊತ್ತು, ಎಲೆ ತೂಗುವ ಲೀಫ್ ಶೆಡ್ಡಿಗೆ ಹೋಗುವುದು ಆ ದಾರಿಯಲ್ಲಿ. ಎದುರಿಗೆ ಇನ್ನೊಬ್ಬಳು ಬಂದರೆ ಒಬ್ಬಳು ಗಿಡದ ಮೇಲೆ ವಾಲಿ ದಾರಿ ಕೊಡಬೇಕು, ಅಷ್ಟು ಅಗಲ. ಮೇಲಿನ ರಸ್ತೆಯಿಂದ ಹೊರಳುವ ಮೊದಲ ಕೆಲವು ಮಾರು ಮಾತ್ರ ವಾಹನ ನುಗ್ಗುವಷ್ಟು ಜಾಗ, ಪಕ್ಕದಲ್ಲೇ ಚರಂಡಿ. ಕಳೆದ ಮಾರ್ಚಿನಿಂದ ತಾವು ಅದನ್ನು ರಸ್ತೆಯೆಂದು ಪರಿಗಣಿಸಿ, ಒಂಬತ್ತು ನಿಮಿಷ ಉಳಿಯುತ್ತದೆ ಎಂದು ಬಯಲಿನಿಂದ ಬಂದ ಪ್ರವಾಸಿಗರಿಗೆ ಆಸೆ ತೋರಿಸಿ, ಒಬ್ಬರ ಹಿಂದೊಬ್ಬರನ್ನು ಅಲ್ಲಿಗೆ ಇಳಿಸತೊಡಗಿದಿರಿ. ಆ ಒಂಬತ್ತು ನಿಮಿಷ ಉಳಿಸಲು ಬಂದವರಲ್ಲಿ ಅತಿ ಬೇಗ ಹೊರಬಿದ್ದವರಿಗೆ ಎರಡೂವರೆ ಗಂಟೆ ಹಿಡಿಯಿತು.

ತಮ್ಮ ಸ್ಥೈರ್ಯವನ್ನು ಮೆಚ್ಚದೆ ಇರಲಾರೆ. ಮುಂದಿನ ಎರಡು ಚಕ್ರ ಚರಂಡಿಯಲ್ಲಿ, ಹಿಂದಿನ ಎರಡು ಚಕ್ರ ನಂಜುಂಡನ್ ಅವರ ಟೀ ಗಿಡಗಳ ಮೇಲೆ, ಒಳಗೆ ಮಕ್ಕಳ ಅಳು, ಹೊರಗೆ ಹಟ್ಟಿಯವರ ಕೂಗು, ಇವೆಲ್ಲದರ ನಡುವೆ ತಾವು ಒಂದಿಷ್ಟೂ ವಿಚಲಿತರಾಗದೆ ‘ನೇರವಾಗಿ ಮುಂದುವರಿಯಿರಿ’ ಎಂದು ಹೇಳುತ್ತಿದ್ದುದನ್ನು ನಾನು ಸ್ವತಃ ಕೇಳಿದ್ದೇನೆ. ಹದಿನೇಳು ಜನರ ಮದುವೆ ದಿಬ್ಬಣವನ್ನು ವ್ಯಾನಿನ ಸಮೇತ ತಾವು ನಮ್ಮ ನೀರಿನ ಪೈಪಿನ ಮೇಲೆ ನಿಲ್ಲಿಸಿದ ದಿನ ಹಟ್ಟಿಗೆ ಸಂಜೆಯವರೆಗೆ ನೀರಿರಲಿಲ್ಲ, ಅವರಿಗೆ ಮುಹೂರ್ತವಿರಲಿಲ್ಲ. ಹೀಗೆ ಸಿಕ್ಕಿಬಿದ್ದವರಿಗೆ ಟೀ ಕೊಟ್ಟವಳು, ಮಕ್ಕಳನ್ನು ಒಳಗೆ ಕೂರಿಸಿದವಳು, ಕತ್ತಲಾದ ಮೇಲೆ ಎರಡು ಸಂಸಾರಗಳಿಗೆ ಕೋಣೆ ಬಿಟ್ಟುಕೊಟ್ಟವಳು ರಮ್ಯಾ. ಅವಳ ಮೇಲೆ ಹಟ್ಟಿಯವರಿಗಿರುವ ಸಾಕ್ಷಿ ಅದೊಂದೇ.

ಮೇ ತಿಂಗಳಲ್ಲಿ ಆದದ್ದನ್ನು ಬರೆಯುವಾಗ ಮಾತ್ರ ನನಗೆ ವಿನಯ ಸ್ವಲ್ಪ ಕಷ್ಟವಾಗುತ್ತದೆ. ಅರವತ್ತೆರಡು ವರ್ಷದ ಕರಿಯಮ್ಮ ಎಲೆಮೂಟೆ ಹೊತ್ತು ಇಳಿಯುತ್ತಿದ್ದಾಗ ಹಿಂದಿನಿಂದ ತಮ್ಮ ಕಾರೊಂದು ಬಂತು. ದಾರಿ ಬಿಡಲು ಹೋಗಿ ಆಕೆ ಮೂಟೆಯ ಸಮೇತ ಚರಂಡಿಗೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಕಾರು ಓಡಿಸುತ್ತಿದ್ದ ತರುಣಿ ಇಳಿದು ಬಂದು ಗೊಳೋ ಎಂದು ಅತ್ತುಬಿಟ್ಟಳು. ಕರಿಯಮ್ಮ ಚರಂಡಿಯಿಂದಲೇ ಅವಳಿಗೆ, “ಅಳುವದು ಬೇಡ, ಕಾರ ಹಿಂದಕ ತೆಗೆ, ಲೀಫು ಬಾಡಿ ಹೋಕು” ಎಂದಳು. ಬಲಗೈಯಿಲ್ಲದೆ ಎಲೆ ಕೀಳಲಾಗುವುದಿಲ್ಲ, ಮತ್ತು ಅದು ನಮ್ಮಲ್ಲಿ ಎಲೆ ಚಿಗುರಿ ಸುರಿಯುವ ಕಾಲ. ಆಕೆಯ ತೋಟ ಆ ಸಲ ಕೀಳುವವರಿಲ್ಲದೆ ಬಲಿತು ಗಟ್ಟಿಯಾಯಿತು.

ಮರುವಾರವೇ ಕೂಟ ಸೇರಿತು. ಯಾರೋ ಮೊಬೈಲಿನಲ್ಲಿ ಈ ರಸ್ತೆಯನ್ನು ಬೇಕೆಂದೇ ಬರೆದಿದ್ದಾರೆ, ಬರೆದವರು ಯಾರೆಂದು ತಿಳಿಯಬೇಕು ಎಂದು ಮಾತಾಯಿತು. ಎಲ್ಲರೂ ರಮ್ಯಾಳ ಕಡೆ ನೋಡಿದರು. ಅವಳು ಎದ್ದು ನಿಂತು, “ಮ್ಯಾಪ ನಾ ಮುಟ್ಟಿದೇ ಇಲ್ಲೆ” ಎಂದಳು. ನಂಜುಂಡನ್, ಹಟ್ಟಿಯಲ್ಲಿ ಯಾರ ಮನೆಯ ಸಾವಿಗೂ ಮೊದಲು ಹೋಗಿ ನಿಲ್ಲುವ ಮನುಷ್ಯ, “ಎನ್ನ ಹೆಣ್ಣು ಹಂಗೆ ಮಾಡುವದಿಲ್ಲೆ” ಎಂದು ಹೇಳಿ ಕುಳಿತುಬಿಟ್ಟರು. ಆಗ ಊರಗೌಡರು ಸುತ್ತ ನೋಡಿ, “ನಂಗ ವಿಶ್ವನಾಥ ಇದ್ದಾನೆ ಅಲ್ಲಾ, ಅಮ ನೋಡಿ ಹೇಳಲಿ” ಎಂದು ನನ್ನತ್ತ ಬೆರಳು ತೋರಿದರು. ಹೀಗೆ, ಮಾನ್ಯರೇ, ತಮ್ಮ ಮೇಲಿನ ತನಿಖೆಯ ಅಧಿಕಾರಿಯಾಗಿ ನಾನು ಸರ್ವಾನುಮತದಿಂದ ನೇಮಕಗೊಂಡೆ.

ತನಿಖೆಯನ್ನು ನಾನು ಶ್ರದ್ಧೆಯಿಂದಲೇ ನಡೆಸಿದೆ. ಅಲ್ಲಿ ರಸ್ತೆಯಿಲ್ಲ ಎಂದು ತಮಗೆ ಹನ್ನೊಂದು ಬಾರಿ ಬರೆದುಕೊಂಡೆ. ಹನ್ನೊಂದು ಬಾರಿಯೂ ತಮ್ಮ ಕಚೇರಿಯಿಂದ ಒಂದೇ ಉತ್ತರ ಬಂತು: ಈ ರಸ್ತೆಯಲ್ಲಿ ದಿನವೂ ವಾಹನಗಳು ಸಂಚರಿಸುತ್ತಿರುವುದು ದಾಖಲಾಗಿದೆ, ಮೇಲಾಗಿ ಇದನ್ನು ನಮ್ಮ ಅತ್ಯಂತ ವಿಶ್ವಾಸಾರ್ಹ ಸದಸ್ಯರೊಬ್ಬರು ಛಾಯಾಚಿತ್ರ ಸಮೇತ ದೃಢಪಡಿಸಿದ್ದಾರೆ. ಎಂದರೆ ತಾವು ಕಳಿಸಿದ್ದರಿಂದ ಕಾರು ಬರುತ್ತದೆ, ಕಾರು ಬಂದದ್ದರಿಂದ ರಸ್ತೆಯಿದೆ, ರಸ್ತೆಯಿರುವುದರಿಂದ ತಾವು ಮತ್ತೆ ಕಳಿಸುತ್ತೀರಿ. ಚರಂಡಿಯಲ್ಲಿ ಕುಳಿತ ಕಾರುಗಳನ್ನೂ ಸಂಚಾರದ ಲೆಕ್ಕಕ್ಕೆ ಹಿಡಿಯುವ ಈ ಔದಾರ್ಯವನ್ನು ನಮ್ಮ ಹೆದ್ದಾರಿಯವರೂ ಕಲಿಯಬೇಕು.

ಇನ್ನು ಆ ಅತ್ಯಂತ ವಿಶ್ವಾಸಾರ್ಹ ಸದಸ್ಯರ ವಿಷಯ. ಅವರು ಯಾರೆಂದು ತಮ್ಮ ಕಚೇರಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ಅವರು ಈ ಪತ್ರವನ್ನು ಬರೆಯುತ್ತಿದ್ದಾರೆ.

ಕಾರಣ ಕೇಳಿ ತಾವು ನಗಬಹುದು, ತಮಗೆ ನಗಲು ಬರುವುದಾದರೆ. ನಾನು ತರಿಸುವ ಸೆನ್ಸರು, ವೈರು, ಪುಟ್ಟ ಪುಟ್ಟ ಮೋಟಾರುಗಳ ಪಾರ್ಸೆಲ್ಲುಗಳನ್ನು ಕೋಟಗಿರಿಯ ಕೊರಿಯರಿನವನು ಹಟ್ಟಿಗೆ ತರದೆ ಮೇಲಿನ ರಸ್ತೆಯ ಚಂದ್ರನ್ ಅವರ ಟೀ ಅಂಗಡಿಯಲ್ಲಿ ಇಟ್ಟುಹೋಗುತ್ತಿದ್ದ. ಚಂದ್ರನ್ ಅವುಗಳ ಮೇಲೆ ಬನ್ನಿನ ತಟ್ಟೆ ಇಡುತ್ತಿದ್ದರು. ತೇವ ಅಳೆಯುವ ನನ್ನ ಹೊಸ ಸೆನ್ಸರು ಒಂದು ಲೋಟ ಟೀ ಕುಡಿದೇ ನನ್ನ ಕೈಗೆ ಬಂತು. ವಾಹನ ಬಾಗಿಲಿಗೇ ಬರಲೆಂದು ನಾನು ತಮ್ಮ ನಕ್ಷೆಯಲ್ಲಿ ಆ ಕಾಲುದಾರಿಯ ಮೇಲೆ ಬೆರಳೆಳೆದು ರಸ್ತೆಯೆಂದು ಬರೆದೆ, ಫೋಟೋ ಬೇಕೆಂದಾಗ ಟೀ ಗಿಡಗಳ ನಡುವೆ ಹೊಟ್ಟೆಯ ಮೇಲೆ ಮಲಗಿ, ಮೊಬೈಲನ್ನು ನೆಲಕ್ಕೆ ತಾಗಿಸಿ, ಎರಡಡಿಯ ದಾರಿ ಮೈದಾನದಂತೆ ಕಾಣುವ ಹಾಗೆ ತೆಗೆದು ಕಳಿಸಿದೆ. ತಾವು ನನಗೊಂದು ಪದಕದ ಚಿತ್ರ ಕಳಿಸಿದಿರಿ. ಅದನ್ನು ಹಟ್ಟಿಯ ಗುಂಪಿನಲ್ಲಿ ಹಾಕಿದಾಗ ಏನಕ್ಕೆ ಪದಕ ಎಂದು ಯಾರೂ ಕೇಳಲಿಲ್ಲ, ನನ್ನ ಸಂದೇಶಗಳನ್ನು ಓದುವ ಅಭ್ಯಾಸ ಅವರಿಗಿಲ್ಲ. ಇಷ್ಟೆಲ್ಲ ಆದ ಮೇಲೂ ಆ ಕೊರಿಯರಿನ ವಿನೋದ್ ಬರಲಿಲ್ಲ. “ಅಣ್ಣಾ, ಮ್ಯಾಪ್ ಸೊಲ್ಲುಂ, ವಂಡಿ ಪೋಗಾದು” ಎಂದ. ನಕ್ಷೆ ಹೇಳುತ್ತದೆ, ಗಾಡಿ ಹೋಗುವುದಿಲ್ಲ ಎಂಬ ಈ ತಿಳಿವಳಿಕೆ ಅವನಿಗೆ ಯಾವ ಪದಕವೂ ಇಲ್ಲದೆ ಬಂದಿತ್ತು.

ತನಿಖಾ ವರದಿಯನ್ನು ನಾನು ಕೂಟಕ್ಕೆ ಹೀಗೆ ಒಪ್ಪಿಸಿದೆ: ಇದು ತಾಂತ್ರಿಕವಾಗಿ ಬಹಳ ಜಟಿಲವಾದ ವಿಷಯ, ಬರೆದವರು ಯಾರೆಂದು ಹೊರಗಿನವರಿಗೆ ಕಾಣುವುದಿಲ್ಲ. ಇದರಲ್ಲಿ ಒಂದು ಪದವೂ ಸುಳ್ಳಲ್ಲ, ಮತ್ತು ನನ್ನ ಜನ್ಮದಲ್ಲಿ ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ. ಯಾರೆಂದು ಕಾಣದಿದ್ದರೆ ಲಾಭ ಯಾರಿಗಾಯಿತು ನೋಡಿ ಎಂದು ಹಿಂದಿನ ಸಾಲಿನಿಂದ ರಾಜಾಮಣಿ ಹೇಳಿದರು. ಅಂದಿನ ಸಂಜೆ ರಮ್ಯಾ ತಾನೇ ಸ್ಟೂಲು ಹಾಕಿಕೊಂಡು ಬೋರ್ಡು ಇಳಿಸುವುದನ್ನು ನಾನು ಮಾಡಿನ ಮೇಲೆ ಮಳೆಮಾಪಕ ತೊಳೆಯುತ್ತ ನಿಂತು ನೋಡಿದೆ. ಈಗ ಅವಳು ಹಾಲು ಹಾಕಲು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ, ಅವರ ತೋಟದ ಎಲೆ ಕೀಳಲು ಯಾರೂ ಕೈಜೋಡಿಸುವುದಿಲ್ಲ, ಅಪ್ಪ ಮಗಳು ಇಬ್ಬರೇ ಕೀಳುತ್ತಾರೆ. ನನಗೆ ನಾಚಿಕೆಯಾಗುತ್ತದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ತಾವು ಒಮ್ಮೆ ಬಿಡುವು ಮಾಡಿಕೊಂಡು, ತಲೆಯ ಮೇಲೆ ಮೂವತ್ತು ಕಿಲೋ ಎಲೆ ಹೊತ್ತು, ಈ ದಾರಿಯಲ್ಲಿ ತಮ್ಮದೇ ಕಾರೊಂದರ ಮುಂದೆ ನಡೆದು ನೋಡಬೇಕು. ಅದಕ್ಕೆ ಕಾಲುಗಳು ಬೇಕೆಂದಾದರೆ ಕನಿಷ್ಠ ದಿನಕ್ಕೊಂದು ಸಲ ‘ನನಗೂ ಗೊತ್ತಿಲ್ಲ, ಇಳಿದು ಯಾರನ್ನಾದರೂ ಕೇಳಿ’ ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಅದೂ ಆಗದಿದ್ದರೆ, ಕಾರುಗಳು ಮೇಲಿನ ರಸ್ತೆಯಿಂದ ಹೊರಳುವ ಜಾಗದಲ್ಲಿ ‘ಎಡಕ್ಕೆ ತಿರುಗಿ’ ಎನ್ನುವುದರ ಬದಲು ‘ಇದನ್ನು ಬರೆದವನು ವಿಶ್ವನಾಥ್, ರಮ್ಯಾ ಅಲ್ಲ’ ಎಂದು ಬಡಗದಲ್ಲಿ, ಸಾಧ್ಯವಾದಷ್ಟು ಗಟ್ಟಿಯಾಗಿ, ಸೋಮವಾರದ ಒಳಗೆ ಹೇಳಬೇಕು. ತಾವು ಹೇಳಿದರೆ ಜನ ಚರಂಡಿಗೂ ಇಳಿಯುತ್ತಾರೆ, ಇದನ್ನೂ ನಂಬುತ್ತಾರೆ, ಮತ್ತು ನಾನು ಬಾಯಿ ತೆರೆಯುವ ಕಷ್ಟ ತಪ್ಪುತ್ತದೆ.

ಇಷ್ಟು ಬರೆದು ಹೇಮಾಳಿಗೆ ಓದಿ ಹೇಳಿದೆ. ಅವಳು ಬೀನ್ಸ್ ನಾರು ತೆಗೆಯುತ್ತಿದ್ದಳು. ನಾನೇ ಬರೆದದ್ದೆಂಬ ಭಾಗಕ್ಕೆ ಬಂದಾಗಲೂ ಅವಳ ಕೈ ನಿಲ್ಲಲಿಲ್ಲ. ಆ ಫೋಟೋ ತೆಗೆದ ದಿನ ನನ್ನ ಅಂಗಿಯ ಮುಂಭಾಗದ ಕೆಸರನ್ನು ಒಗೆದವಳು ಅವಳೇ, ಆಗಿನಿಂದಲೂ ಬಲ್ಲಳಂತೆ, ನಾನಾಗಿ ಹೇಳಲಿ ಎಂದು ಕಾದಳಂತೆ. ಓದಿ ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು: “ಮೊಬೈಲಿನವಳಿಗ ಏಕೆ ಬರೆವದು? ರಮ್ಯಾ ಮನೆ ಕೆಳಗೇ ಅಲ್ಲಾ?” ಅಭ್ಯಾಸಬಲದಿಂದ, ನನ್ನ ಮನೆಯಿಂದ ರಮ್ಯಾಳ ಮನೆಗೆ ದಾರಿ ಯಾವುದೆಂದು ತಮ್ಮನ್ನೇ ಕೇಳಿದೆ. ನಡುವೆ ಇರುವುದು ಹದಿನಾರು ಕಲ್ಲುಮೆಟ್ಟಿಲು. ತಾವು ಮೇಲಿನ ರಸ್ತೆ ಹತ್ತಿ, ಸುತ್ತಿಕೊಂಡು, ನಾಲ್ಕು ಕಿಲೋಮೀಟರು ಎಂದಿರಿ. ಮೂರು ತಿಂಗಳಿಂದ ನಾನು ಹೋಗುತ್ತಿರುವುದೂ ಅದೇ ದಾರಿ, ಆದ್ದರಿಂದ ಈ ಒಂದು ವಿಷಯದಲ್ಲಿ ತಮ್ಮನ್ನು ದೂರುವುದಿಲ್ಲ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದೇನೆ.

ನನ್ನ ವಿಶ್ವಾಸಾರ್ಹತೆಯನ್ನು ತಮ್ಮ ಕಚೇರಿ ಹನ್ನೊಂದು ಬಾರಿ ಪ್ರಮಾಣೀಕರಿಸಿರುವುದರಿಂದ ಮಾತ್ರ ಹೀಗೆ ಸಹಿ ಹಾಕುವ ಧೈರ್ಯ ಮಾಡಿದ,

ತಮ್ಮ ವಿಶ್ವಾಸಿ,
ವಿಶ್ವನಾಥ್

ತಾ.ಕ.: ಹೋಗಿ ಬಂದೆ. ರಮ್ಯಾ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದಳು, ಒಳಗೆ ಬಾ ಎನ್ನಲಿಲ್ಲ. ಸೋಮವಾರ ಕೂಟದಲ್ಲಿ ಎಲ್ಲರ ಮುಂದೆ ಹೇಳುತ್ತೇನೆ, ನಿನ್ನ ಬೋರ್ಡನ್ನು ನನ್ನ ಕೈಯಿಂದಲೇ ಹಾಕುತ್ತೇನೆ ಎಂದೆ. ಅವಳು, “ಎನ್ನ ಬೋರ್ಡು ಇರಲಿ ಮಾಮಾ, ಕರಿಯಮ್ಮನ ಕೈಗ ಏನ ಹೇಳ್ವೆ?” ಎಂದು ಕೇಳಿ ಬಾಗಿಲು ಮುಚ್ಚಿದಳು. ಇಷ್ಟುದ್ದದ ಪತ್ರದಲ್ಲಿ ನಾನು ಕರಿಯಮ್ಮನಿಗಾಗಿ ತಮ್ಮಲ್ಲಿ ಏನನ್ನೂ ಕೇಳಿಲ್ಲ ಎಂಬುದನ್ನು ತಾವು ಗಮನಿಸಿದ್ದಿರಬಹುದು, ನಾನು ಗಮನಿಸಿರಲಿಲ್ಲ. ಆಕೆಯ ಮನೆ ತಮ್ಮ ನಕ್ಷೆಯಲ್ಲಿಲ್ಲ. ನಾನು ಗುರುತು ಹಾಕಿಲ್ಲ, ದಯವಿಟ್ಟು ತಾವೂ ಹಾಕಬೇಡಿ. ಅಲ್ಲಿಗೆ ದಾರಿ ನನಗೆ ಗೊತ್ತು.